ಡೆಹ್ರಾಡೂನಿನ ಕಾಕು

ಹೊಸ ತಿಪ್ಪಸಂದ್ರ, ಬೆಂಗಳೂರು
ಏಪ್ರಿಲ್ 6

ಪ್ರತಿಭಾ,

ನೀನೂ ಮೈದುನ ವಿರೂಪಾಕ್ಷನೂ ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ. ಇಲ್ಲಿ ನಾನು, ನಿನ್ನ ಭಾವ, ಗುರುಕಿರಣ ಮೂವರೂ ಬಸವಣ್ಣನ ದಯದಿಂದ ಚೆನ್ನಾಗಿದ್ದೇವೆ. ಫೋನು ಇರುವಾಗ ಈ ಅಕ್ಕ ಕಾಗದ ಯಾಕೆ ಬರೆದಳು ಎಂದು ನಗಬೇಡ. ನನ್ನ ಫೋನು ನನ್ನ ಕೈಯಲ್ಲಿರುವುದಕ್ಕಿಂತ ಮಗನ ಕೈಯಲ್ಲಿರುವುದೇ ಹೆಚ್ಚು. ನೀನಂತೂ ಸ್ಪೀಕರಿಗೆ ಹಾಕದೆ ಮಾತಾಡುವವಳಲ್ಲ. ನಿನಗೆ ಹೇಳಿದ್ದೆಲ್ಲ ಮಗಳು ವೈಷ್ಣವಿಯ ಕಿವಿಗೂ ಬೀಳುತ್ತದೆ. ಏಳನೆಯ ತರಗತಿ ಓದಿದವಳಾದರೂ ಊರ ಶಾಲೆಯ ಹಂಪಣ್ಣ ಮಾಸ್ತರರು ಬೆತ್ತ ಹಿಡಿದು ತಿದ್ದಿಸಿದ ಅಕ್ಷರ ನನ್ನದು, ಓದಲು ನಿನಗೆ ಕಷ್ಟವಾಗಲಿಕ್ಕಿಲ್ಲ.

ಹತ್ತನೆಯ ತರಗತಿ ಪರೀಕ್ಷೆ ಮುಗಿದ ಮೂರನೇ ದಿನಕ್ಕೇ ಮಗಳನ್ನು ನಿನ್ನಲ್ಲಿಗೆ ಕಳಿಸಿದ್ದೇನೆ. ಇಂದಿರಾನಗರದ ರಿಂಕಿನಲ್ಲಿ ಅವಳಿಗೆ ಚಕ್ರದ ಸ್ಕೇಟು ಕಲಿಸಿದ ಗಯಾಜ್ ಸರ್ ಎರಡು ವರ್ಷದಿಂದ ಹೇಳುತ್ತಿದ್ದರು: "ಅಮ್ಮಾ, ಈ ಹುಡ್ಗಿಗೆ ಚಕ್ರ ಸಾಕಾಗಲ್ಲ, ಐಸ್ ಮೇಲೆ ಬಿಡಿ. ಇಲ್ಲಿ ಅಷ್ಟು ದೊಡ್ಡ ಐಸ್ ಎಲ್ಲಿದೆ? ಡೆಹ್ರಾಡೂನ್‌ಗೆ ಕಳ್ಸಿ." ಜೂನ್ ಹತ್ತೊಂಬತ್ತಕ್ಕೆ ಅಲ್ಲಿ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆ. ಹಾಡಿಗೆ ತಕ್ಕಂತೆ ಮಂಜುಗಡ್ಡೆಯ ಮೇಲೆ ತಿರುಗಿ, ಹಾರಿ ತೋರಿಸಬೇಕು. ನಾನೇ ಬಂದು ಜೊತೆಗಿರುತ್ತಿದ್ದೆ. ನಿನ್ನ ಭಾವನ ಸಕ್ಕರೆ ಕಾಯಿಲೆ ನಿನಗೆ ಗೊತ್ತಲ್ಲ. ಹೊತ್ತಿಗೆ ಸರಿಯಾಗಿ ಸೂಜಿ, ಹೊತ್ತಿಗೆ ಸರಿಯಾಗಿ ಊಟ, ನಾನಿಲ್ಲದೆ ಆಗುವುದಿಲ್ಲ.

ಅಲ್ಲಿಯ ಕೋಚು ಮೊಟ್ಟೆ ತಿನ್ನಿಸಿ ಎನ್ನುತ್ತಾರೆ, ಒಪ್ಪಬೇಡ. ಹೆಸರುಕಾಳು ಮೊಳಕೆ ಕಟ್ಟಿ ಕೊಡು. ಎಲ್ಲಕ್ಕಿಂತ ಮುಖ್ಯ ಲಿಂಗ. ಎಂಟನೆಯ ವರ್ಷಕ್ಕೆ ನಮ್ಮೂರ ಮಠದ ಅಜ್ಜಾರಿಂದ ದೀಕ್ಷೆ ಕೊಡಿಸಿದ್ದೇನೆ. ನನ್ನ ತವರಿನವರು ಕೊಟ್ಟ ಬೆಳ್ಳಿಯ ಕರಡಿಗೆಯೊಳಗೆ ಲಿಂಗವನ್ನಿಟ್ಟು ಶಿವದಾರದಲ್ಲಿ ಅವಳ ಕೊರಳಿಗೆ ಕಟ್ಟಿದ್ದೇನೆ. ಬೆಳಿಗ್ಗೆ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟು ಪೂಜೆ, ಆಮೇಲೆ ಹಾಲು. ಉಳಿದ ಹೊತ್ತೆಲ್ಲ ಅದು ಮೈಮೇಲೆ ಇರಬೇಕು. ನೀನು ಕಾನ್ವೆಂಟಿನಲ್ಲಿ ಓದಿದವಳು, ನಿನ್ನದನ್ನು ದೇವರ ಗೂಡಿನಲ್ಲಿ ಇಟ್ಟಿದ್ದೀ. ಅದು ನಿನ್ನ ಮರ್ಜಿ. ಅವಳದು ಕೊರಳಲ್ಲಿರಲಿ.

ಮಿಕ್ಕಂತೆ ನಿನ್ನ ಮಗಳೆಂದೇ ತಿಳಿದು ನೋಡಿಕೋ.

ನಿನ್ನ ಅಕ್ಕ,
ಶರಣಮ್ಮ


ಡೆಹ್ರಾಡೂನ್
ಏಪ್ರಿಲ್ 14

ಅಕ್ಕ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ನನಗಾಗಿ, ಇನ್ನೊಂದು ಸಲ ಇವರಿಗಾಗಿ. "ಅತ್ತಿಗಿ ಕೈಬರಹ ಇನ್ನೂ ಹಂಗ ಐತಿ ನೋಡು, ಮುತ್ತು ಪೋಣಿಸಿದಂಗ" ಎಂದರು. ನನ್ನ ಬರಹ ಕೋಳಿ ಕಾಲಿನದು, ಕ್ಷಮಿಸಿ.

ವೈಷ್ಣವಿ ಆರೋಗ್ಯವಾಗಿದ್ದಾಳೆ. ಬಂದಾಗಿನಿಂದ ಒಂದು ಸೀನು ಕೂಡ ಇಲ್ಲ. ನಾಲ್ಕಕ್ಕೆ ಏಳುತ್ತಾಳೆ, ಐದಕ್ಕೆ ನಾವಿಬ್ಬರೂ ರಿಂಕಿನಲ್ಲಿ. ಒಳಗೆ ಎಂಥ ಚಳಿ ಎಂದರೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ. ಇಲ್ಲಿ ಜೋಳದ ಹಿಟ್ಟು ಸಿಗಲಿಲ್ಲ, ದೆಹಲಿಯಿಂದ ತರಿಸಿದೆ. ಮೊದಲ ದಿನ ತಟ್ಟಿದ ರೊಟ್ಟಿ ನೋಡಿ, "ಕಾಕು, ಇಂಡಿಯಾ ಮ್ಯಾಪ್ ಮಾಡಿದೀಯಲ್ಲ, ಶ್ರೀಲಂಕಾನೂ ಇದೆ!" ಎಂದು ನೆಲಕ್ಕೆ ಬಿದ್ದು ನಕ್ಕಳು. ಈಗ ದುಂಡಗೆ ಬರುತ್ತಿದೆ. ಮದುವೆಯಾಗಿ ಹದಿನಾರು ವರ್ಷಕ್ಕೆ ನಾನು ರೊಟ್ಟಿ ತಟ್ಟುವುದನ್ನು ಕಲಿತೆ ಎಂದು ಇವರಿಗೆ ನಂಬಿಕೆಯೇ ಬರುತ್ತಿಲ್ಲ.

ಸ್ಪರ್ಧೆಗೆ ಉಡುಪು ಹೊಲಿಯಲು ಹಾಕಿದ್ದೇವೆ, ತಿಳಿ ನೀಲಿ. ಬಣ್ಣ ನಾವಿಬ್ಬರೂ ಕೂಡಿ ಆರಿಸಿದ್ದು.

ಒಂದು ತಮಾಷೆ. ರಿಂಕಿಗೆ ಬರುವ ಹೆಂಗಸರು ನನ್ನನ್ನೇ ಅವಳ ತಾಯಿ ಎಂದುಕೊಂಡಿದ್ದಾರೆ. ನಾಲ್ಕು ದಿನ "ಅಲ್ಲ, ಅಲ್ಲ" ಎಂದು ಹೇಳಿದೆ. ಐದನೆಯ ದಿನ ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟೆ.

ಭಾವನವರಿಗೆ ನಮಸ್ಕಾರ.

ನಿಮ್ಮ ತಂಗಿ,
ಪ್ರತಿಭಾ


ಹೊಸ ತಿಪ್ಪಸಂದ್ರ
ಏಪ್ರಿಲ್ 22

ಪ್ರತಿಭಾ,

ನಿನ್ನ ತಮಾಷೆ ಓದಿದೆ.

ಮೊನ್ನೆ ಬಸವ ಜಯಂತಿ. ಪೂಜೆ ಮುಗಿಸಿ ಏಳುವಾಗ ಗುರುಕಿರಣ, "ಅವ್ವಾ, ವೈಷ್ಣವಿ ಹೊಸ ಫೋಟೋ ನೋಡು" ಎಂದು ಫೋನು ಮುಖಕ್ಕೆ ಹಿಡಿದ. ಮೊದಲು ಯಾರೋ ಎಂದುಕೊಂಡೆ. ಕೂದಲು ಕುತ್ತಿಗೆಯವರೆಗೂ ಇಲ್ಲ. ಹದಿನಾರು ವರ್ಷ ಆ ತಲೆಗೆ ಹರಳೆಣ್ಣೆ ಹಚ್ಚಿದವಳು ನಾನು. ಕತ್ತರಿ ಹಾಕಲು ಎಷ್ಟು ನಿಮಿಷ ಬೇಕಾಯಿತು?

ಬೀದಿಯ ಕೊನೆಯಲ್ಲಿ ಹೂ ಮಾರುವ ಶೇಷಮ್ಮನಿಗೆ ಆ ಫೋಟೋ ತೋರಿಸಿದ್ದು ನನ್ನದೇ ತಪ್ಪು. ಪಕ್ಕದಲ್ಲಿ ನೀನು ನಿಂತಿದ್ದೆಯಲ್ಲ. "ಇವ್ರ್ಯಾರು ಶರಣಮ್ನೋರೇ?" ಎಂದಳು. ಅವಳ ಕಾಕು, ಚಿಕ್ಕಪ್ಪನ ಹೆಂಡತಿ ಎಂದೆ. "ಅಯ್ಯೋ, ಹೌದಾ! ಮುಖ, ಕೂದ್ಲು, ನಿಲ್ಲೋ ವಯ್ಯಾರ, ಎಲ್ಲ ಅವ್ರದೇ ಅಚ್ಚು. ನಿಮ್ದು ಏನೂ ಬಂದಿಲ್ಲ ಬಿಡಿ!" ಎಂದು ನಕ್ಕಳು. ನಾನೂ ನಕ್ಕೆ. ಹೂ ತೆಗೆದುಕೊಳ್ಳದೆ ಮನೆಗೆ ಬಂದೆ.

ನಿನ್ನೆ ಸಂಜೆ ಫೋನಿನಲ್ಲಿ ಅವಳು, "ನಮ್ಮನೆ ಹಿಂದೆ ಲಿಚಿ ಮರ ಇದೆ ಅವ್ವಾ" ಎಂದಳು. ನಮ್ಮ ಮನೆಯ ಹಿಂದೆ ಯಾವ ಮರವೂ ಇಲ್ಲ, ನೀರಿನ ಟ್ಯಾಂಕಿದೆ. ಅವಳು ಯಾವ ಮನೆಯ ಮಾತು ಆಡುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಿನ್ನ ಮಗಳೆಂದು ತಿಳಿದು ನೋಡಿಕೋ ಎಂದು ನಾನೇ ಬರೆದಿದ್ದೆ, ನೆನಪಿದೆ. ಉಪಚಾರಕ್ಕೆ ಆಡುವ ಮಾತನ್ನು ಯಾರಾದರೂ ಹಾಗೆಯೇ ಹಿಡಿದುಕೊಳ್ಳುತ್ತಾರೆಯೇ?

ಈಗ ನಿಜವಾದ ಪ್ರಶ್ನೆ. ಆ ಫೋಟೋದಲ್ಲಿ ಕೊರಳು ಬರಿದಾಗಿದೆ. ಲಿಂಗ ಎಲ್ಲಿ?

ಶರಣಮ್ಮ


ಡೆಹ್ರಾಡೂನ್
ಏಪ್ರಿಲ್ 30

ಅಕ್ಕ,

ಕೂದಲು ಕತ್ತರಿಸಿಕೊಂಡದ್ದು ಅವಳ ಇಷ್ಟದಿಂದ. ಗಿರಗಿರ ತಿರುಗುವಾಗ ಜಡೆ ಕಣ್ಣಿಗೆ ಹೊಡೆಯುತ್ತಿತ್ತು. "ಅವ್ವನಿಗೆ ನಾನೇ ಹೇಳ್ತೀನಿ ಕಾಕು" ಎಂದಿದ್ದಳು. ಹೇಳಿಲ್ಲವೆಂದು ನಿಮ್ಮ ಕಾಗದದಿಂದ ತಿಳಿಯಿತು.

ಲಿಂಗದ ವಿಷಯ ನಾನು ಮೊದಲೇ ಬರೆಯಬೇಕಿತ್ತು. ಐಸಿನ ಮೇಲೆ ಆಡುವವರ ಮೈಯಿಂದ ಏನೇ ಬಿದ್ದರೂ, ಒಂದು ಹೇರ್‌ಪಿನ್ನು ಬಿದ್ದರೂ, ಅಂಕ ಕಳೆಯುತ್ತಾರೆ. ಅದು ಹೋಗಲಿ, ಬಿದ್ದದ್ದು ಯಾರದಾದರೂ ಸ್ಕೇಟಿನ ಬ್ಲೇಡಿಗೆ ಸಿಕ್ಕರೆ ಕಾಲು ಮುರಿಯುತ್ತದೆ. ಎರಡನೆಯ ವಾರ ಅವಳು ಹಾರಿ ಇಳಿಯುವಾಗ ಬೆಳ್ಳಿಯ ಕರಡಿಗೆ ಚಿಮ್ಮಿ ಗದ್ದಕ್ಕೆ ಬಡಿದು ರಕ್ತ ಬಂತು. ಅಂದಿನಿಂದ ಕೋಚ್ ಮೇಡಂ ಅದನ್ನು ಹಾಕಿಕೊಂಡು ಐಸಿಗೆ ಇಳಿಯಬಾರದು ಎಂದಿದ್ದಾರೆ.

ನೀವು ನೊಂದುಕೊಳ್ಳಬೇಡಿ. ಎಲ್ಲೆಂದರಲ್ಲಿ ಇಡುವುದಿಲ್ಲ. ಐಸಿಗೆ ಇಳಿಯುವ ಮುಂಚೆ ಅವಳು ತೆಗೆದು ನನ್ನ ಕೈಗೆ ಕೊಡುತ್ತಾಳೆ. ಅವಳು ಆಡಿ ಮುಗಿಸುವವರೆಗೂ ನಾನು ಎಡ ಅಂಗೈಯಲ್ಲಿ ಹಿಡಿದು ಕೂತಿರುತ್ತೇನೆ. ಎರಡು ಗಂಟೆ, ಕೈ ಇಳಿಸುವುದಿಲ್ಲ, ಚಹಾ ಕುಡಿಯುವುದಿಲ್ಲ. ಬಂದ ಕೂಡಲೇ ನಾನೇ ಅವಳ ಕೊರಳಿಗೆ ಕಟ್ಟುತ್ತೇನೆ. ಎಷ್ಟೋ ವರ್ಷದ ಮೇಲೆ ನನಗೂ ದೇವರ ಮೇಲೆ ಮನಸ್ಸು ಹೋಗಿದೆ, ಅದೂ ಅವಳಿಂದಲೇ.

ಇದರಿಂದ ನಿಮಗೆ ಸಮಾಧಾನವಾಗುತ್ತದೆ ಎಂದು ನಂಬಿದ್ದೇನೆ.

ಪ್ರತಿಭಾ


ಹೊಸ ತಿಪ್ಪಸಂದ್ರ
ಮೇ 8

ಶ್ರೀಮತಿ ಪ್ರತಿಭಾ ವಿರೂಪಾಕ್ಷ ಅವರಿಗೆ,

ನಿಮ್ಮ ಪತ್ರ ತಲುಪಿತು.

ನಾನು ಮಗಳನ್ನು ನಿಮ್ಮ ಮನೆಗೆ ಕಳಿಸಿದೆ. ಅವಳ ಲಿಂಗವನ್ನು ನಿಮ್ಮ ಕೈಗೆ ಕೊಡಲಿಲ್ಲ. ದೀಕ್ಷೆಯಾದ ದಿನ ಅದನ್ನು ಅವಳ ಕೊರಳಿಗೆ ಕಟ್ಟಿದವಳು ಅವಳನ್ನು ಹೆತ್ತವಳು. ಈಗ ದಿನವೂ ನೀವು ಬಿಚ್ಚುತ್ತೀರಿ, ನೀವೇ ಕಟ್ಟುತ್ತೀರಿ. ನನಗೆ ಸಮಾಧಾನವಾಗಲಿ ಎಂದು ಅದನ್ನೇ ಬರೆದು ತಿಳಿಸುತ್ತೀರಿ.

ನಿಮ್ಮ ಪತ್ರ ಬಂದ ದಿನವೇ ರೈಲು ಹತ್ತಿ ಊರಿಗೆ ಹೋಗಿ, ಮಠದ ಅಜ್ಜಾರನ್ನು ಕಂಡು ಬಂದೆ. ನಡೆದದ್ದೆಲ್ಲವನ್ನೂ ಹೇಳಿದೆ. ಅಜ್ಜಾರು ಕಣ್ಣುಮುಚ್ಚಿ ಕೇಳಿ, "ಲಿಂಗ ಕಳಚಿಟ್ಟು ಆಡೋ ಆಟ ಬ್ಯಾಡ. ಮಗಳನ್ನ ಮನಿಗೆ ಕರಸವ್ವ" ಎಂದು ಅಪ್ಪಣೆ ಕೊಡಿಸಿದರು. ಗುರುವಿನ ಮಾತಿಗೆ ಎದುರಾಡುವುದು ನಮ್ಮ ಮನೆತನದಲ್ಲಿ ಇಲ್ಲ. ವಿರೂಪಾಕ್ಷನೂ ಅದೇ ಮನೆತನದವನು.

ಈ ಪತ್ರವನ್ನು ವೈಷ್ಣವಿಗೆ ಓದಿ ಹೇಳುವುದು.

ವೈಷ್ಣವಿಯ ತಾಯಿ,
ಶರಣಮ್ಮ ಸಂಗನಬಸಪ್ಪ


ಡೆಹ್ರಾಡೂನ್
ಮೇ 15

ಅಕ್ಕ,

ಓದಿ ಹೇಳಿದೆ. ಅವಳು ಕಾಗದ ಇಸಿದುಕೊಂಡು ತಾನೇ ಒಮ್ಮೆ ಓದಿದಳು.

ಎರಡು ದಿನದಿಂದ ಐಸಿಗೆ ಇಳಿದಿಲ್ಲ. ಆದರೂ ಐದಕ್ಕೆ ರಿಂಕಿಗೆ ಬರುತ್ತಾಳೆ. ಸ್ಕೇಟು ಕಟ್ಟಿಕೊಂಡು, ಕರಡಿಗೆ ಕೊರಳಲ್ಲಿಟ್ಟುಕೊಂಡು, ಕಟಕಟೆ ಹಿಡಿದು ನಿಲ್ಲುತ್ತಾಳೆ. ಬೇರೆ ಹುಡುಗಿಯರು ಆಡುವುದನ್ನು ನೋಡುತ್ತಾಳೆ. ಏಳಕ್ಕೆ ಸ್ಕೇಟು ಬಿಚ್ಚಿ ಮನೆಗೆ ಬರುತ್ತಾಳೆ.

ನಿಮ್ಮ ಮಾತಾಗಿದ್ದರೆ ನಾನು ವಾದ ಮಾಡುತ್ತಿದ್ದೆ, ಜಗಳವನ್ನೂ ಆಡುತ್ತಿದ್ದೆ. ಅಜ್ಜಾರ ಮಾತನ್ನು ಮೀರುವವಳು ನಾನಲ್ಲ. ಸ್ಪರ್ಧೆಗೆ ಹೆಸರು ಕೊಡಲು ಮೇ 31 ಕೊನೆಯ ದಿನ. ಅದಾದ ಮೇಲೆ ಯಾರು ಹೇಳಿದರೂ ಸೇರಿಸಿಕೊಳ್ಳುವುದಿಲ್ಲ. ಜೂನ್ ಮೊದಲ ವಾರ ಇವರು ಅವಳನ್ನು ಕರೆತಂದು ಬಿಡುತ್ತಾರೆ.

ನೀವು "ನೀವು" ಎಂದು ಬರೆದದ್ದು ಎಲ್ಲಕ್ಕಿಂತ ನೋವಾಯಿತು.

ಪ್ರತಿಭಾ


ಹೊಸ ತಿಪ್ಪಸಂದ್ರ
ಮೇ 21

ಪ್ರಿಯ ಪ್ರತಿಭಾ,

ಸಿಟ್ಟಿನಲ್ಲಿ ಏನೋ ಬರೆದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನೀನು ಹೇಳಿದ ಮಾತು ಕೇಳುವವಳು, ಅದು ನನಗೆ ಯಾವತ್ತೂ ಗೊತ್ತು.

ವೈಷ್ಣವಿಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಹಾಸಿಗೆಗೆ ಹೊಸ ಹತ್ತಿ ತುಂಬಿಸಿದೆ. ಕೂದಲು ಬೆಳೆಯಲು ಕರಿಬೇವು ಹಾಕಿ ಎಣ್ಣೆ ಕಾಯಿಸಿಟ್ಟಿದ್ದೇನೆ. ಹತ್ತಿರದಲ್ಲೇ ಪಿಯು ಕಾಲೇಜಿದೆ, ನಡೆದುಕೊಂಡು ಹೋಗಬಹುದು. ಸ್ಕೇಟಿಂಗ್ ಬೇಕೆಂದರೆ ಇಂದಿರಾನಗರದಲ್ಲಿ ಚಕ್ರದ್ದು ಇದ್ದೇ ಇದೆ. ಮೊದಲಿನ ಹಾಗೆ ನಾನು ಕಟ್ಟೆಯ ಮೇಲೆ ಥರ್ಮಾಸು ಹಿಡಿದು ಕೂರುತ್ತೇನೆ. ಎಷ್ಟು ಚೆನ್ನಾಗಿದ್ದವು ಆ ದಿನಗಳು.

ಅಷ್ಟು ದೂರ ಬಸ್ಸಿನಲ್ಲಿ ಊರಿಗೆ ಹೋಗಿ ಬಂದದ್ದಕ್ಕೆ ನನ್ನ ಸೊಂಟನೋವು ಇನ್ನೂ ಬಿಟ್ಟಿಲ್ಲ. ಅಜ್ಜಾರು ಅಂದು ಬಹಳ ಹೊತ್ತು ಕೂರಿಸಿಕೊಂಡು ಮಾತಾಡಿದರು. ನಿನ್ನನ್ನೂ ಕೇಳಿದರು. ಪ್ರಸಾದ ಮಾಡಿಕೊಂಡೇ ಹೋಗು ಎಂದರು.

ಅವಳು ಬರುವಾಗ ಬೆಚ್ಚನೆಯ ಬಟ್ಟೆಗಳನ್ನು ಅಲ್ಲೇ ಬಿಟ್ಟು ಬರಲಿ. ಇಲ್ಲಿ ಅವು ಬೇಕಾಗುವುದಿಲ್ಲ.

ನಿನ್ನ ಅಕ್ಕ,
ಶರಣಮ್ಮ


ಹೊಸ ತಿಪ್ಪಸಂದ್ರ
ಮೇ 27

ಪ್ರತಿಭಾ,

ಈ ಕಾಗದವನ್ನು ಯಾರಿಗೂ ಓದಿ ಹೇಳಬೇಡ.

ನಾನು ಮಠಕ್ಕೆ ಹೋಗಿರಲಿಲ್ಲ.

ನಿನ್ನೆ ವಿರೂಪಾಕ್ಷ ಇವರಿಗೆ ಫೋನು ಮಾಡಿ ಅಜ್ಜಾರ ಅಪ್ಪಣೆಯ ಮಾತು ಎತ್ತಿದನಂತೆ. ಇವರು ಊಟದ ತಾಟಿನ ಮುಂದೆ ಕೂತು, "ನೀ ಯಾವಾಗ ಹೋಗಿದ್ದಿ ಮಠಕ್ಕ? ಹಾಲಿನ ಬೂತು ದಾಟಿ ಆ ಕಡಿ ಹೋಗಿಲ್ಲಲ್ಲ ನೀ" ಎಂದರು. ನಾನು ಸಾರು ಬಡಿಸಿದೆ. ಅವರು ಸುಮ್ಮನೆ ಉಂಡು ಎದ್ದರು. ಬೈದಿದ್ದರೆ ಚೆನ್ನಾಗಿತ್ತು.

ಗುರುವಿನ ಬಾಯಿಯಲ್ಲಿ ನನ್ನ ಸುಳ್ಳನ್ನು ಇಟ್ಟೆ. ನಲವತ್ತು ವರ್ಷದಿಂದ ಅಂಗೈಯಲ್ಲಿ ಲಿಂಗ ಹಿಡಿದು ಕೂತವಳು, ಹತ್ತೊಂಬತ್ತು ದಿನದಿಂದ ಕಣ್ಣು ಮುಚ್ಚಲು ಆಗುತ್ತಿಲ್ಲ. ಮುಚ್ಚಿದರೆ ಕಟಕಟೆ ಹಿಡಿದು ನಿಂತ ಮಗಳು ಕಾಣುತ್ತಾಳೆ. ದಿನಾ ಸಂಜೆ ಫೋನಿನಲ್ಲಿ "ಊಟ ಆಯ್ತಾ?" ಎಂದು ನಾನು, "ಆಯ್ತು" ಎಂದು ಅವಳು, ಅಲ್ಲಿಗೆ ಮುಗಿಯಿತು.

ಧರ್ಮಕ್ಕಾಗಿ ಮಾಡಿದೆ ಎಂದು ಹೇಳಲೇ? ಅಲ್ಲ. ಹೊಟ್ಟೆಕಿಚ್ಚಿಗೆ ಮಾಡಿದೆ. ನೀನು ತಟ್ಟಿದ ರೊಟ್ಟಿಯನ್ನು ನೋಡಿ ಅವಳು ನೆಲಕ್ಕೆ ಬಿದ್ದು ನಕ್ಕಳು ಎಂದು ಬರೆದಿದ್ದೆಯಲ್ಲ, ಆವತ್ತೇ ಶುರುವಾಯಿತು. ನಾನು ಹದಿನಾರು ವರ್ಷ ದುಂಡಗಿನ ರೊಟ್ಟಿ ಮಾಡಿ ಹಾಕಿದೆ, ಒಂದು ದಿನವೂ ಅವಳು ನಗಲಿಲ್ಲ.

ಅವಳು ಆಡಲಿ. ಹೆಸರು ಕೊಟ್ಟುಬಿಡು.

ಶರಣಮ್ಮ


ಹೊಸ ತಿಪ್ಪಸಂದ್ರ
ಜೂನ್ 3

ಪ್ರತಿಭಾ,

ಹಿಂದಿನ ಕಾಗದದಲ್ಲಿ ಎಲ್ಲವನ್ನೂ ಬರೆದೆ ಎಂದುಕೊಂಡಿದ್ದೆ. ಬರೆದಿರಲಿಲ್ಲ.

ಆವತ್ತು ಅಂಚೆ ಕಚೇರಿಯಲ್ಲಿ ಕೌಂಟರಿನ ಹುಡುಗಿ ಲಕೋಟೆ ನೋಡಿ, "ಸ್ಪೀಡ್ ಪೋಸ್ಟಾ ಆಂಟಿ, ಆರ್ಡಿನರಿನಾ?" ಎಂದಳು. ನಿನಗೆ ಬರೆದ ಅಷ್ಟೂ ಕಾಗದವನ್ನು ನಾನು ಸ್ಪೀಡ್ ಪೋಸ್ಟಿನಲ್ಲೇ ಹಾಕಿದವಳು. ಅವಳಿಗೂ ಅದು ಗೊತ್ತು. ನಾನು "ಆರ್ಡಿನರಿ" ಎಂದೆ. "ಲೇಟಾಗತ್ತೆ, ಎಂಟತ್ತು ದಿನ" ಎಂದಳು. "ಆಗಲಿ ಬಿಡವ್ವ" ಎಂದೆ.

ಮೇ 31 ಕೊನೆಯ ದಿನ ಎಂದು ನೀನು ಬರೆದದ್ದು ನನ್ನ ಚೀಲದಲ್ಲೇ ಇತ್ತು. ತಪ್ಪೊಪ್ಪಿಕೊಂಡ ಪುಣ್ಯವೂ ಬರಲಿ, ಮಗಳೂ ಮನೆಗೆ ಬರಲಿ ಎಂದು ಲೆಕ್ಕ ಹಾಕಿದೆ. ದೇವರೆದುರು ಇಂಥ ಚೌಕಾಸಿ ಮಾಡಿದವಳು ನಾನು.

31ನೇ ತಾರೀಖು ಬೆಳಿಗ್ಗೆಯಿಂದ ಫೋನು ಕೈಗೆತ್ತಿಕೊಂಡು ನಾಲ್ಕು ಸಲ ಇಟ್ಟೆ. ಐದನೆಯ ಸಲ ಗುರುಕಿರಣ ಫೋನು ಕೇಳಿದ. ಕೊಟ್ಟುಬಿಟ್ಟೆ.

ಈಗ ಎಲ್ಲ ಮುಗಿದಿದೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಏನು ಪ್ರಯೋಜನ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಶರಣಮ್ಮ


ಡೆಹ್ರಾಡೂನ್
ಜೂನ್ 6

ಅಕ್ಕ,

ನಿಮ್ಮ ಮೇ 27ರ ಕಾಗದ ನಿನ್ನೆ ಬಂತು. ಅದೇನೋ ಸಾದಾ ಅಂಚೆಯಲ್ಲಿ ಬಂದಿದೆ. ಅಂಚೆಯವರು ಗಡಿಬಿಡಿಯಲ್ಲಿ ತಪ್ಪಾಗಿ ಹಾಕಿರಬೇಕು. ಅಂಥ ಕಾಗದ ತಡವಾಯಿತಲ್ಲ ಎಂದು ನೀವು ಎಷ್ಟು ತಳಮಳಿಸಿದ್ದೀರೋ.

ತಳಮಳ ಬೇಡ. ವೈಷ್ಣವಿಯ ಹೆಸರನ್ನು ಮೇ 30ಕ್ಕೇ ಕೊಟ್ಟಿದ್ದೇವೆ.

ನಿಮ್ಮ ಮೇ 8ರ ಕಾಗದದಲ್ಲಿ ಊರಿಗೆ ರೈಲಿನಲ್ಲಿ ಹೋದೆ ಎಂದಿದ್ದಿರಿ. ಮೇ 21ರದರಲ್ಲಿ ಬಸ್ಸು ಎಂದಿರಿ. ನನಗೆ ಅದು ಹೊಳೆಯಲಿಲ್ಲ, ಅವಳು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದಳು. ಮಠಕ್ಕೆ ತಾನೇ ಫೋನು ಮಾಡಿದಳು. ಅಜ್ಜಾರು, "ಇಲ್ಲವ್ವಾ ಮಗಳ, ನಿಮ್ಮವ್ವ ಈ ಕಡಿ ಬಂದು ವರ್ಷ ಆತು" ಎಂದರಂತೆ. ಇವಳು ಅಳುತ್ತ ಕರಡಿಗೆಯ ವಿಷಯ ಹೇಳಿದ್ದಾಳೆ. "ಅಳ್ತೀ ಯಾಕ? ಕರಡಿಗಿ ತಗದಿಡು. ಲಿಂಗಾನ ಬಟ್ಟಿಯೊಳಗ ಸುತ್ತಿ ಎದಿಗೆ ಬಿಗಿಯಾಗಿ ಕಟ್ಟಿಕೋ. ಹೊಲದಾಗ ದುಡಿಯೋರು ಹಂಗ ಕಟ್ಟಿಕೊಂತಾರ. ನಿಮ್ಮವ್ವನ್ನ ಕೇಳು, ಆಕಿಗೆ ಚಲೋ ಗೊತ್ತೈತಿ" ಎಂದರಂತೆ. ಈಗ ಹಾಗೆ ಕಟ್ಟಿಕೊಂಡು ಆಡುತ್ತಿದ್ದಾಳೆ. ಕೋಚ್ ಮೇಡಂ ಕೈಯಿಂದ ಒತ್ತಿ ನೋಡಿ ಒಪ್ಪಿದರು. ನನ್ನ ಎಡಗೈಗೆ ಈಗ ಕೆಲಸವಿಲ್ಲ.

"ಅವ್ವನಿಗೆ ನಂಗೆ ಗೊತ್ತಾಗಿದೆ ಅಂತ ಹೇಳ್ಬೇಡ ಕಾಕು, ನಾಚ್ಕೊಂಡು ಸತ್ತೇ ಹೋಗ್ತಾಳೆ" ಎಂದು ಆಣೆ ಹಾಕಿಸಿಕೊಂಡಿದ್ದಳು. ನೀವೇ ಬರೆದಿರಿ, ಅದಕ್ಕೆ ನಾನೂ ಹೇಳಿದೆ.

ನನ್ನದೂ ಒಂದಿದೆ. ಬಂದಾಗಿನಿಂದ ಒಂದು ಸೀನೂ ಇಲ್ಲ ಎಂದು ಏಪ್ರಿಲಿನಲ್ಲಿ ಬರೆದಿದ್ದೆ. ಸುಳ್ಳು. ಬಂದ ಮೊದಲ ವಾರವೇ ಮೂರು ದಿನ ನೂರಾಮೂರು ಜ್ವರ ಬಂದಿತ್ತು. ನಾನು ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು, ನನ್ನ ಮುಖ ನೋಡುತ್ತ, ಮೂರು ದಿನವೂ "ಅವ್ವಾ, ಅವ್ವಾ" ಎಂದಳು. ಒಂದು ಸಲವೂ ಕಾಕು ಎನ್ನಲಿಲ್ಲ. ನಿಮಗೆ ತಿಳಿಸಿದರೆ ನೀವು ಗೆದ್ದ ಹಾಗಾಗುತ್ತದೆ ಎನ್ನಿಸಿತು. ತಿಳಿಸಲಿಲ್ಲ.

ನೀವು ಬನ್ನಿ ಅಕ್ಕ. ರಿಂಕಿನ ಒಳಗೆ, ಅಂಕ ಬರುವವರೆಗೆ ಆಟಗಾರ್ತಿ ಕೂರುವ ಬೆಂಚಿನಲ್ಲಿ, ಕೋಚನ್ನು ಬಿಟ್ಟರೆ ಮನೆಯವರು ಒಬ್ಬರಿಗೆ ಮಾತ್ರ ಜಾಗ. ಪಾಸಿಗೆ ನಿಮ್ಮ ಹೆಸರು ಬರೆಸಿದ್ದೇನೆ. ನಾನು 15ಕ್ಕೆ ಹುಬ್ಬಳ್ಳಿಗೆ, ತವರಿಗೆ ಹೋಗುತ್ತೇನೆ. ದೊಡ್ಡ ಮನಸ್ಸು ಮಾಡಿದೆ ಎಂದುಕೊಳ್ಳಬೇಡಿ. ಅವಳು ಆಡಿ ಬಂದು ನಿಮ್ಮ ಕುತ್ತಿಗೆಗೆ ಬೀಳುವುದನ್ನು ಮೇಲಿನ ಸಾಲಿನಲ್ಲಿ ಕೂತು ನೋಡಲು ನನ್ನಿಂದ ಆಗುವುದಿಲ್ಲ.

ಪ್ರತಿಭಾ


ಡೆಹ್ರಾಡೂನ್
ಜೂನ್ 21

ಪ್ರತಿಭಾ,

ನಿನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ನಿನ್ನ ಭಾವನ ಸೂಜಿ, ಊಟವನ್ನು ಗುರುಕಿರಣನಿಗೆ ಒಪ್ಪಿಸಿ ಬಂದೆ. ಈ ಕಾಗದ ಹುಬ್ಬಳ್ಳಿಯ ವಿಳಾಸಕ್ಕೆ. ನನ್ನ ಜೂನ್ 3ರ ಕಾಗದ ನೀನು ಹೊರಡುವ ಮೊದಲೇ ತಲುಪಿತ್ತೆಂದು ವಿರೂಪಾಕ್ಷ ಹೇಳಿದ. ಅಂಚೆಯವರು ತಪ್ಪು ಮಾಡಿರಲಿಲ್ಲ ಎಂಬುದು ನಿನಗೀಗ ಗೊತ್ತು. ಗೊತ್ತಾದ ಮೇಲೂ ನೀನು ಪಾಸಿನ ಮೇಲಿನ ಹೆಸರು ಬದಲಿಸಲಿಲ್ಲ.

ಅಜ್ಜಾರ ಮಾತೂ ನಿಜ. ನನಗೆ ಗೊತ್ತಿತ್ತು. ಹೊಲದಲ್ಲಿ ಕಳೆ ತೆಗೆಯುವಾಗ ನನ್ನವ್ವ ಹಾಗೆಯೇ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು, ನನಗೂ ಕಲಿಸಿದ್ದಳು. ನಿನ್ನ ಏಪ್ರಿಲ್ 30ರ ಕಾಗದ ಓದಿದ ಕ್ಷಣವೇ ಅದು ನೆನಪಿಗೆ ಬಂದಿತ್ತು. ಎರಡು ಸಾಲು ಬರೆದಿದ್ದರೆ ಸಾಕಿತ್ತು. ಬರೆದರೆ ಅವಳು ನಿನ್ನಲ್ಲೇ ಉಳಿಯುತ್ತಾಳೆ ಎಂದು ಬರೆಯಲಿಲ್ಲ. ಇದಕ್ಕಿಂತ ಕೆಳಗೆ ಹೇಳಲು ಇನ್ನೇನೂ ಉಳಿದಿಲ್ಲ.

ಮೊನ್ನೆ ಸ್ಪರ್ಧೆ. ವಿರೂಪಾಕ್ಷನ ದೊಡ್ಡ ಕೋಟು ಹಾಕಿಕೊಂಡು ರಿಂಕಿಗೆ ಹೋದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಗಳು ಬೆನ್ನು ತಿರುಗಿಸಿ ನಿಂತು, "ಅವ್ವಾ, ನೀನೇ ಕಟ್ಟು. ಕಾಕು ಹಾಕೋ ಗಂಟು ಸಡಿಲ ಆಗತ್ತೆ" ಎಂದಳು. ನನಗೆ ಬಹಳ ಸಂತೋಷವಾಯಿತು, ನಿನ್ನಿಂದ ಮುಚ್ಚಿಡುವುದಿಲ್ಲ. ಬಿಗಿಯಾಗಿ ಎರಡು ಸುತ್ತು ಸುತ್ತಿ ಕಟ್ಟಿದೆ. ಮೇಲೆ ನೀವಿಬ್ಬರೂ ಆರಿಸಿದ ತಿಳಿ ನೀಲಿ ಉಡುಪು. ಚೆನ್ನಾಗಿ ಒಪ್ಪುತ್ತದೆ.

ಅವಳು ಐಸಿನ ಮೇಲೆ ಆಡುವುದನ್ನು ನಾನು ನೋಡಿದ್ದು ಅದೇ ಮೊದಲು. ಒಂಟಿ ಕಾಲ ಮೇಲೆ ತಿರುಗುವಾಗ ಮುಖವೇ ಕಾಣುವುದಿಲ್ಲ, ಮಜ್ಜಿಗೆ ಕಡೆಯುವಾಗ ಕಡಗೋಲು ತಿರುಗಿದ ಹಾಗೆ. ಬೀಳದಿರಲಿ ಎಂದು ಬೇಡಿಕೊಂಡೆ. ಎರಡನೆಯ ಸಲ ಹಾರುವಾಗ ಬಿದ್ದಳು. ನಾನು ಬೆಂಚಿನಿಂದ ಎದ್ದೇಬಿಟ್ಟೆ. ಕೋಚ್ ಮೇಡಂ ಕೋಟು ಹಿಡಿದು ಕೂರಿಸಿದರು. ನಾನು ಕೂರುವಷ್ಟರಲ್ಲಿ ಅವಳು ಎದ್ದು ಹಾಡನ್ನು ಹಿಡಿದುಕೊಂಡಿದ್ದಳು. ಅವಳ ಮೈಯಿಂದ ಐಸಿನ ಮೇಲೆ ಏನೂ ಬೀಳಲಿಲ್ಲ.

ಮುಗಿಸಿ ಓಡಿ ಬಂದು ನನ್ನ ಪಕ್ಕ ಕೂತಳು. ನನ್ನ ಕುತ್ತಿಗೆಗೆ ಬೀಳಲಿಲ್ಲ. ಏದುಸಿರು ಬಿಡುತ್ತ, ಅಂಕ ಬರುವ ಪರದೆಯನ್ನೂ ನೋಡದೆ, "ಕಾಕುಗೆ ಫೋನ್ ಮಾಡವ್ವಾ, ಬಿದ್ದೆ ಅಂತ ಹೇಳು" ಎಂದಳು. ಎದೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಇಷ್ಟೆಲ್ಲ ಆದ ಮೇಲೂ ಆಯಿತು. ಆಮೇಲೆ ನಾನೇ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟೆ. ನೀನು ಅತ್ತದ್ದು ನನಗೂ ಕೇಳಿಸಿತು. ಈ ಸಲ ಸ್ಪೀಕರಿಗೆ ಹಾಕಿದವಳು ಅವಳು.

ಜೂನಿಯರ್ ಹುಡುಗಿಯರಲ್ಲಿ ಐದನೆಯವಳಾದಳು. ಮೊದಲ ಆರು ಮಂದಿಯನ್ನು ಒಂದು ವರ್ಷದ ತರಬೇತಿಗೆ ಆರಿಸಿದ್ದಾರೆ, ಇಲ್ಲಿಯೇ. ನಿನ್ನೆ ಅದರ ಫಾರಂ ತುಂಬಲು ಕರೆದಿದ್ದರು. ಇದನ್ನು ಅವಳು ನಿನಗೆ ಹೇಳಿಲ್ಲ. "ಅವ್ವ ಸೈನ್ ಹಾಕಿದ್ರೆ ಆಮೇಲೆ ಹೇಳ್ತೀನಿ" ಎಂದು ಚಿಕ್ಕಪ್ಪನ ಬಾಯಿಯನ್ನೂ ಕಟ್ಟಿಹಾಕಿದ್ದಳು. ನಾನು ಬರುವಾಗ ಹಿಂದಿರುಗಲು ಎರಡು ಟಿಕೆಟು ಮಾಡಿಸಿಕೊಂಡು ಬಂದಿದ್ದೆ, ಅದೂ ಅವಳಿಗೆ ಗೊತ್ತಿತ್ತು. ಮೇಜಿನ ಆಚೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

ಸಹಿ ಹಾಕಿದೆ. ಒಂದು ಟಿಕೆಟನ್ನು ಗುರುಕಿರಣ ರದ್ದು ಮಾಡಿಸಿದ್ದಾನೆ.

ಫಾರಮ್ಮಿನಲ್ಲಿ ತಾಯಿಯ ಹೆಸರು ಎಂದು ಒಂದು ಸಾಲಿದೆ. ಅಲ್ಲಿ ನನ್ನ ಹೆಸರು ಬರೆದೆ. ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ, ನಿನಗೂ. ಅದರ ಕೆಳಗೆ, ಮಗುವಿಗೆ ಬಿದ್ದು ಪೆಟ್ಟಾದರೆ, ಕಾಯಿಲೆಯಾದರೆ ಮೊದಲು ಯಾರಿಗೆ ಫೋನು ಮಾಡಬೇಕು ಎಂದು ಇನ್ನೊಂದು ಸಾಲು. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಆ ಗುಮಾಸ್ತ ಹಿಂದಿಯಲ್ಲಿ ಏನೋ ಗೊಣಗಿದ. ಬೆಂಗಳೂರಿನಿಂದ ನಾನು ಬಂದು ಮುಟ್ಟಲು ಎರಡು ದಿನ ಬೇಕು. ನೀನು ಹತ್ತು ನಿಮಿಷದಲ್ಲಿ ಹೋಗುತ್ತೀ.

ನಿನ್ನ ನಂಬರು ಬರೆದೆ. ನನ್ನದು ಎರಡನೆಯದು.

ತಿಂಗಳ ಕೊನೆಗೆ ನಾನು ಹೊರಡುತ್ತೇನೆ. ನೀನು ಅಷ್ಟರೊಳಗೆ ಬಾ. ಮುಂದೆ ಯಾವತ್ತಾದರೂ ಆ ಫೋನು ಬಂದರೆ, ಅವಳು ಯಾರನ್ನು ಕರೆದು ಅತ್ತರೂ ಸರಿ, ನನಗೆ ಕಾಗದ ಬರೆಯುತ್ತ ಕೂರಬೇಡ. ಆ ನಿಮಿಷವೇ ಹೇಳು.

ಶರಣಮ್ಮ